ಉಪ್ಪಿನ ಹಿಂದೆ ಹೋಗುವ ನೀರು

ಅಕ್ಕನ ರಕ್ತದೊತ್ತಡ ಏರುತ್ತಾ ಹೋದಾಗ ನಾನು ಮೊದಲು ಅನುಮಾನಿಸಿದ್ದು ಭಾವನನ್ನು. ದೇವರಾಜ ಮೊಹಲ್ಲಾದ ಒಂದು ಅಂಗಡಿಯಿಂದ ಮಿಡಿ ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ, ಹಪ್ಪಳ ಕಟ್ಟಿಸಿಕೊಂಡು ಬರುವುದು ಅವರ ಹಳೆಯ ಚಟ. ಅಕ್ಕನ ಮೂತ್ರಪಿಂಡಗಳು ಸುಮಾರು ಅರ್ಧ ಕೆಲಸ ಮಾತ್ರ ಮಾಡುತ್ತಿವೆ ಎಂದು ವೈದ್ಯರು ಹೇಳಿ ಬಹಳ ಕಾಲವಾಗಿತ್ತು. ಉಳಿದ ಅರ್ಧವನ್ನು ಕಾಪಾಡಿಕೊಳ್ಳಬೇಕಾದರೆ ಉಪ್ಪು ಕಡಿಮೆ ಮಾಡಬೇಕು, ಒತ್ತಡ ಹಿಡಿತದಲ್ಲಿರಬೇಕು, ಇಲ್ಲದಿದ್ದರೆ ಡಯಾಲಿಸಿಸ್ಸಿನ ಮಾತಾಡಬೇಕಾಗುತ್ತದೆ ಎಂದು ಅವರು ಎಚ್ಚರಿಸಿದ್ದರು. ಅಕ್ಕ ಮಾತ್ರೆ ತಪ್ಪಿಸುತ್ತಿರಲಿಲ್ಲ. ಆದರೂ ಆ ಮಳೆಗಾಲದಲ್ಲಿ ಪ್ರತಿ ಸಲ ತೋರಿಸಿದಾಗಲೂ ಒತ್ತಡ ಹಿಂದಿನ ಸಲಕ್ಕಿಂತ ಹೆಚ್ಚಾಗಿಯೇ ಇರುತ್ತಿತ್ತು. ಪಾದಗಳು ಊದಿ ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತುಕೊಳ್ಳುತ್ತಿತ್ತು.

“ಉಪ್ಪು ಎಲ್ಲಿಂದಲೋ ಹೋಗ್ತಿದೆ. ಮನೇಲಿ ಯಾರಾದ್ರೂ ನೋಡಿ” ಎಂದರು ವೈದ್ಯರು. ಅವರು ಹಾಗೆ ಹೇಳುವಾಗ ಅಕ್ಕ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಅದನ್ನು ನಾನು ಗಮನಿಸಿದೆ.

ನನ್ನ ಮನೆಯೂ ಯಾದವಗಿರಿಯಲ್ಲೇ, ಅಕ್ಕನ ಮನೆಯಿಂದ ಎರಡು ಬೀದಿ ಆಚೆ. ಮರುದಿನ ಹೋಗಿ ಅಡುಗೆಮನೆಯ ಡಬ್ಬಗಳನ್ನೆಲ್ಲ ತೆರೆದು ನೋಡಿದೆ. ಅಡುಗೆಗೆ ಬರುವ ಹೆಂಗಸನ್ನು ಪಕ್ಕಕ್ಕೆ ಕರೆದು ಸಾರಿಗೆ ಎಷ್ಟು ಉಪ್ಪು ಹಾಕುತ್ತೀಯ ಎಂದು ಕೇಳಿದೆ. ಆಕೆ ನೊಂದುಕೊಂಡು, ಅಮ್ಮಾವ್ರ ಸಾರು ಬೇರೆ ಪಾತ್ರೆಯಲ್ಲೇ ಮಾಡುವುದು, ಬೇಕಾದರೆ ರುಚಿ ನೋಡಿ ಎಂದಳು. ನೋಡಿದೆ. ಸಪ್ಪೆಯಾಗಿತ್ತು. ಉಪ್ಪಿನಕಾಯಿ ಜಾಡಿ ಅಟ್ಟದ ಮೇಲಿತ್ತು, ಅಕ್ಕನ ಕೈಗೆ ಎಟುಕುವಂತಿರಲಿಲ್ಲ.

“ನನ್ನ ಮೇಲೆ ಅನುಮಾನ ಬೇಡ ಕಣಮ್ಮ,” ಭಾವ ಹೇಳಿದರು. “ನಾನು ಉಪ್ಪಿನಕಾಯಿ ತಿನ್ನೋದು ಹಿತ್ತಲಲ್ಲಿ ನಿಂತ್ಕೊಂಡು. ಹುಡುಗ್ರು ಕದ್ದು ಬೀಡಿ ಸೇದೋ ಹಾಗೆ.”

ನನಗೆ ಅವರ ಮೇಲಿನ ಅನುಮಾನ ಹೋಯಿತು. ಉಳಿದವಳು ಅಕ್ಕ ಒಬ್ಬಳೇ.

ದೇವರ ಕೋಣೆಯಲ್ಲಿ, ನಂದಾದೀಪದ ಹಿಂದೆ, ನೀಲಿ ಗಾಜಿನ ಬಾಟಲಿ ಕಂಡದ್ದು ಅದಾದ ಒಂದು ವಾರದಲ್ಲಿ. ದೀಪಕ್ಕೆ ಎಣ್ಣೆ ಹಾಕಲು ಅಕ್ಕ ಬಗ್ಗಿದಾಗ ಕಣ್ಣಿಗೆ ಬಿತ್ತು. ನಾನು ಮಡಿಯಲ್ಲಿರಲಿಲ್ಲ, ಹಾಗಾಗಿ ಹೊಸ್ತಿಲಾಚೆ ನಿಂತೇ ಕೇಳಿದೆ. ಅಕ್ಕ ಮುಚ್ಚಿಡಲಿಲ್ಲ. ಅದು ಸಮುದ್ರದ ನೀರು. ಆಳದಿಂದ ತೆಗೆದು ತಂದದ್ದು, ಬರಿಗಣ್ಣಿಗೆ ಕಾಣದ ಜೀವಗಳು ಅದರ ತುಂಬ ಇವೆ, ಅವು ಒಳಗೆ ಹೋಗಿ ಸೋತ ಮೂತ್ರಪಿಂಡಕ್ಕೆ ಪ್ರಾಣ ತುಂಬುತ್ತವೆ ಎಂದು ಅದನ್ನು ಕೊಡುವ ಗೋಕುಲಂ ಬಡಾವಣೆಯ ಒಬ್ಬರು ಹೇಳಿದ್ದರು. ಯೋಗ ಕಲಿಯಲು ಬಂದು ತಿಂಗಳುಗಟ್ಟಲೆ ಇರುವ ವಿದೇಶಿಯರೂ ಕುಡಿಯುತ್ತಾರಂತೆ. ಅಕ್ಕ ಬೆಳಿಗ್ಗೆ ಸಂಜೆ ಕಾಲು ಲೋಟ ಕುಡಿಯುತ್ತಿದ್ದಳು.

ಅದು ಉಪ್ಪು, ಬರೀ ಉಪ್ಪು ಎಂದೆ. ಅಕ್ಕ ಶಾಂತವಾಗಿಯೇ ಉತ್ತರ ಕೊಟ್ಟಳು. ಅಂಗಡಿಯ ಉಪ್ಪು ಸತ್ತ ಉಪ್ಪಂತೆ, ಇದು ಜೀವ ಇರುವ ಉಪ್ಪಂತೆ. ನಮ್ಮ ರಕ್ತವೂ ಸಮುದ್ರವೂ ಒಂದೇ ಅಂತೆ. ಅರ್ಧ ನಿಜವಾದ ಮಾತಿಗೆ ಎದುರಾಡುವುದು ಕಷ್ಟ. ರಕ್ತದಲ್ಲಿ ಸಮುದ್ರದ ಲವಣಗಳೇ ಇವೆ, ಆದರೆ ಸಮುದ್ರದಲ್ಲಿರುವುದರ ಸುಮಾರು ಕಾಲು ಭಾಗದಷ್ಟೇ. ಹಾಗೆಂದು ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ವೈದ್ಯರಿಗೆ ಹೇಳಿಬಿಡುತ್ತೇನೆ ಎಂದೆ. ಹೇಳಿದರೆ ಆ ವೈದ್ಯರ ಬಳಿಗೇ ಇನ್ನು ಬರುವುದಿಲ್ಲ ಎಂದಳು. ಅವಳು ಹಾಗೆ ಹೇಳಿದರೆ ಹಾಗೆಯೇ ನಡೆಯುವವಳು. ಆಮೇಲೆ ತಾನೇ ಒಂದು ದಾರಿ ತೋರಿಸಿದಳು.

“ಇಷ್ಟು ವರ್ಷ ಮಕ್ಕಳಿಗೆ ಮೈಕ್ರೋಸ್ಕೋಪಲ್ಲಿ ತೋರಿಸ್ಕೊಂಡು ಬಂದೋಳು ನೀನು. ಜೀವ ಇಲ್ಲ ಅಂತ ನಂಗೂ ತೋರ್ಸು, ಬಿಟ್ಬುಡ್ತೀನಿ. ಇದ್ರೆ ನೀನು ಬಾಯಿ ಮುಚ್ಕೊಂಡಿರ್ಬೇಕು.”

ಒಪ್ಪಿದೆ. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವಳು. ಬಾಟಲಿಯಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ನೀರಿನಲ್ಲಿ ಸಮುದ್ರದ ಜೀವಗಳು ಬದುಕಿರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿತ್ತು ಎಂದುಕೊಂಡಿದ್ದೆ.

ಮೊದಲು ಗೋಕುಲಂಗೆ ಹೋದೆವು. ನೀರು ಕೊಡುವಾತ ನಲವತ್ತರ ಆಸುಪಾಸಿನವನು, ವಿನಯವಂತ, ಅಕ್ಕನ ಕಾಲಿಗೆ ನಮಸ್ಕರಿಸಿ ಕೂರಿಸಿದ. ಮಹಡಿಯ ಕೋಣೆಯಲ್ಲಿ ಒಂದು ಸಣ್ಣ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ, ಹನಿಯ ಚಿತ್ರ ಗೋಡೆಯ ಮೇಲೆ ಬೀಳುವಂತೆ ಮಾಡಿದ್ದ. ಬೆಳಕಿನ ವೃತ್ತದಲ್ಲಿ ಸಾವಿರಾರು ಚುಕ್ಕೆಗಳು ಒಂದೇ ಸಮನೆ ನಡುಗುತ್ತಿದ್ದವು. ಅಕ್ಕ ಕೈ ಮುಗಿದಳು.

ಅದು ಜೀವವಲ್ಲ. ನೀರಿನ ಅಣುಗಳು ಶಾಖದಿಂದಾಗಿ ಸದಾ ಓಡಾಡುತ್ತಿರುತ್ತವೆ, ಎಲ್ಲ ಕಡೆಯಿಂದಲೂ ಧೂಳಿನ ಕಣಕ್ಕೆ ಡಿಕ್ಕಿ ಹೊಡೆಯುತ್ತವೆ. ನಗರ ಬಸ್ ನಿಲ್ದಾಣದ ಜನಜಂಗುಳಿಯಲ್ಲಿ ಯಾರೋ ಇಟ್ಟುಹೋದ ಟ್ರಂಕು ಕಾಲುಗಳು ತಾಗಿ ತಾಗಿ ಅತ್ತಿತ್ತ ಸರಿಯುವ ಹಾಗೆ ಕಣವೂ ಸರಿಯುತ್ತದೆ. ಟ್ರಂಕಿಗೆ ಎಲ್ಲಿಗೂ ಹೋಗಬೇಕಾಗಿರುವುದಿಲ್ಲ. ಕಲ್ಲಿನ ಪುಡಿಯನ್ನು ನೀರಿಗೆ ಹಾಕಿದರೂ ಹೀಗೆಯೇ ನಡುಗುತ್ತದೆ. ನಡುಗುವುದು ಬೇರೆ, ಈಜುವುದು ಬೇರೆ. ಗೋಡೆಯ ಮೇಲಿನ ಒಂದೇ ಒಂದು ಚುಕ್ಕೆಯೂ ಒಂದು ದಿಕ್ಕು ಹಿಡಿದು ಹೋಗಲಿಲ್ಲ.

ಇದನ್ನು ಕುದಿಸಿ ನೋಡಿದ್ದೀರಾ, ಕುದಿಸಿದ ಮೇಲೂ ಹೀಗೇ ಕುಣಿಯುತ್ತದೆ ಎಂದೆ.

“ಪ್ರಾಣ ಇರೋದನ್ನ ಯಾರಾದ್ರೂ ಕುದಿಸ್ತಾರಾ ಮೇಡಂ?” ಎಂದ ಆತ, ನಿಜವಾಗಿಯೂ ನೊಂದವನಂತೆ.

ಅಕ್ಕ ಅವನ ಮಾತಿಗೆ ತಲೆದೂಗಿದಳು. ಆಟೋದಲ್ಲಿ ವಾಪಸು ಬರುವಾಗ, ನೀನು ಅವರ ಮನೆಯಲ್ಲಿ ಕೂತು ಹಾಗೆ ಮಾತಾಡಬಾರದಿತ್ತು ಎಂದಳು. ಆತ ಗೊತ್ತಿದ್ದೇ ಮೋಸ ಮಾಡುತ್ತಿದ್ದನೋ, ತಾನೂ ನಂಬಿದ್ದನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಎರಡನೆಯದೇ ಹೆಚ್ಚು ಅಪಾಯ ಎಂದು ಆಗ ಅನ್ನಿಸಿತು.

ಪರೀಕ್ಷೆಗೆ ನೀರು ಬೇಕಲ್ಲ. ಬಾಟಲಿ ದೇವರ ಕೋಣೆಯದು, ನಾನು ಮುಟ್ಟುವ ಹಾಗಿಲ್ಲ. ಅಕ್ಕನೇ ಮಡಿಯುಟ್ಟು, ನಾನು ತೊಳೆದು ತಂದಿದ್ದ ಪುಟ್ಟ ಗಾಜಿನ ಸೀಸೆಯಲ್ಲಿ ತುಂಬಿಸಿ, ಹೊಸ್ತಿಲ ಮೇಲಿಟ್ಟಳು. ನಾನು ಎತ್ತಿಕೊಂಡೆ. ಅದು ನಮ್ಮಲ್ಲಿ ತೀರ ಸಹಜವಾದ ಕ್ರಮವಾದ್ದರಿಂದ ಅದರ ಬಗ್ಗೆ ಯೋಚನೆಯನ್ನೇ ಮಾಡಲಿಲ್ಲ. ಡಬ್ಬಗಳನ್ನೂ ಭಾವನನ್ನೂ ಅಡುಗೆಯವಳನ್ನೂ ಅನುಮಾನಿಸಿದವಳು ಈ ಸೀಸೆಯನ್ನು ಅನುಮಾನಿಸಲಿಲ್ಲ.

ಮನೆಗೆ ಬಂದು ಸೂಕ್ಷ್ಮದರ್ಶಕದ ಧೂಳು ಒರೆಸುವಾಗ ಕಾರವಾರದ ನೆನಪಾಯಿತು. ಓದುವ ದಿನಗಳಲ್ಲಿ ಅಲ್ಲಿ ದೋಣಿಯ ಹಿಂದೆ ಸಣ್ಣ ಕಣ್ಣಿನ ಬಲೆ ಎಳೆದು, ಬಂದದ್ದರಲ್ಲಿ ಒಂದು ಹನಿಯನ್ನು ಮೊದಲ ಸಲ ನೋಡಿದ್ದೆ. ಬಲೆಯಲ್ಲಿ ಕಂಡದ್ದು ಕಂದು ಬಣ್ಣದ ಲೋಳೆ. ಮಸೂರದ ಕೆಳಗೆ ಅದೇ ಲೋಳೆ ಗಾಜಿನ ಡಬ್ಬಿಗಳ ರಾಶಿಯಾಯಿತು. ಡಯಾಟಮ್ ಎಂಬ ಒಂಟಿ ಕೋಶದ ಜೀವಿಗಳು ಸಮುದ್ರದಲ್ಲಿ ಕರಗಿರುವ ಸಿಲಿಕಾವನ್ನು ಹೀರಿ ತಮ್ಮ ಸುತ್ತ ಗಾಜಿನ ಗೂಡು ಕಟ್ಟಿಕೊಳ್ಳುತ್ತವೆ. ಕುಲುಮೆ ಇಲ್ಲ, ಬೆಂಕಿ ಇಲ್ಲ, ತಣ್ಣೀರಿನಲ್ಲೇ ಗಾಜು. ಅದರ ಮೇಲೆ ಸಾಲಾಗಿ ತೂತುಗಳು, ಯಾವ ಅಕ್ಕಸಾಲಿಗನ ಕೈಗೂ ನಿಲುಕದಷ್ಟು ಸಣ್ಣವು. ಅವುಗಳ ನಡುವೆ ಕೂದಲಿನಂಥ ಎಳೆಗಳನ್ನು ಬಡಿಯುತ್ತಾ ಹೋಗುವ ಬೇರೆ ಜೀವಿಗಳಿದ್ದವು.

ಆ ಗಾತ್ರದಲ್ಲಿ ನೀರು ನಮಗಿರುವ ನೀರಲ್ಲ ಎಂದು ನಮ್ಮ ಮೇಷ್ಟರು ಅಂದು ಹೇಳಿದ್ದರು. ನಾವು ಈಜುವಾಗ ಕೈ ಬೀಸುವುದನ್ನು ನಿಲ್ಲಿಸಿದರೂ ಸ್ವಲ್ಪ ದೂರ ತೇಲಿ ಹೋಗುತ್ತೇವೆ. ಅವುಗಳಿಗೆ ಆ ಸೌಲಭ್ಯವಿಲ್ಲ. ಅಷ್ಟು ಸಣ್ಣ ದೇಹಕ್ಕೆ ನೀರು ಗಟ್ಟಿ ಜೇನಿನಷ್ಟು ಮಂದ. ಎಳೆ ಬಡಿಯುವುದು ನಿಂತ ಕ್ಷಣದಲ್ಲೇ ದೇಹವೂ ನಿಲ್ಲುತ್ತದೆ. ಹಿಂದಿನ ಓಟದ ಪುಣ್ಯ ಮುಂದಕ್ಕೆ ಬರುವುದಿಲ್ಲ. ಬದುಕಿರುವಷ್ಟು ಹೊತ್ತೂ ಪ್ರತಿ ಅಂಗುಲವನ್ನೂ ದುಡಿದೇ ಪಡೆಯಬೇಕು.

ಅಕ್ಕನ ಸೀಸೆಯಿಂದ ಒಂದು ಹನಿ ತೆಗೆದು ಗಾಜಿನ ಪಟ್ಟಿಯ ಮೇಲಿಟ್ಟು, ತೆಳುಗಾಜು ಮುಚ್ಚಿ, ಕಣ್ಣಿಟ್ಟೆ. ಹನಿಯ ತುಂಬ ಈಜುತ್ತಿದ್ದವು.

ಕುರ್ಚಿಯಿಂದ ಎದ್ದೆ. ಮತ್ತೆ ಕೂತು ನೋಡಿದೆ. ನಡುಕವಲ್ಲ, ಈಜು. ಚಪ್ಪಲಿಯ ಆಕಾರದ ಪಾರದರ್ಶಕ ದೇಹಗಳು ಉರುಳುತ್ತಾ ಒಂದು ದಿಕ್ಕಿಗೆ ಹೋಗಿ, ಅಡ್ಡ ಸಿಕ್ಕಿದ್ದಕ್ಕೆ ತಾಗಿ, ಹಿಂದೆ ಸರಿದು, ಬೇರೆ ದಿಕ್ಕು ಹಿಡಿಯುತ್ತಿದ್ದವು. ಅನುಮಾನಕ್ಕೆ ಜಾಗವೇ ಇರಲಿಲ್ಲ. ನನ್ನ ಗಾಜು ಕೊಳಕಾಗಿತ್ತೇನೋ ಎಂದು ಹೊಸ ಪಟ್ಟಿ ತೆಗೆದೆ. ಹನಿ ಹಾಕುವ ನಳಿಕೆ ಬದಲಿಸಿದೆ. ನನ್ನ ಮನೆಯ ನಲ್ಲಿಯ ನೀರನ್ನೂ ಬೇರೆಯಾಗಿ ನೋಡಿದೆ, ಅದರಲ್ಲಿ ಏನೂ ಇರಲಿಲ್ಲ. ಸೀಸೆಯ ಪ್ರತಿ ಹನಿಯಲ್ಲೂ ಅವು ಇದ್ದವು.

ಸಂಜೆ ಅಕ್ಕ ಫೋನ್ ಮಾಡಿದಳು. “ಇದೆಯಾ?”

ಇದೆ, ಆದರೆ ಎಂದೆ. ಆದರೆ ಎಂಬುದನ್ನು ಅವಳು ಕೇಳಿಸಿಕೊಳ್ಳಲಿಲ್ಲ. ಭಾವನನ್ನು ಕರೆದು ಹೇಳುತ್ತಿದ್ದುದು ಫೋನಿನಲ್ಲೇ ಕೇಳಿಸಿತು. ಅವತ್ತಿನಿಂದ ಅವಳು ಕಾಲು ಲೋಟದ ಬದಲು ಅರ್ಧ ಲೋಟ ಕುಡಿಯತೊಡಗಿದ್ದಳೆಂದು ಎರಡು ದಿನ ಬಿಟ್ಟು ಭಾವ ತಿಳಿಸಿದರು. ಈ ಸಲ ತಮಾಷೆ ಮಾಡಲಿಲ್ಲ. ಬೆಳಿಗ್ಗೆ ಏಳುವಾಗ ಅವಳ ಕಣ್ಣಿನ ಕೆಳಗೂ ಊತವಿತ್ತಂತೆ. “ಜೀವ ಇದೆ ಅಂತ ನೀನೇ ಹೇಳಿದ್ಯಂತಲ್ಲಮ್ಮ” ಎಂದು ಮಾತ್ರ ಹೇಳಿದರು.

ನಾನು ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕೂತೆ. ಈಗ ನಾನು ಯಾರನ್ನು ಅನುಮಾನಿಸುತ್ತಿದ್ದೇನೆ ಎಂಬುದೇ ಸ್ಪಷ್ಟವಿರಲಿಲ್ಲ. ಗೋಕುಲಂನವನು ಏನಾದರೂ ಬೆರೆಸುತ್ತಿದ್ದಾನೆಯೇ? ಅಕ್ಕ ನನ್ನನ್ನು ಆಟ ಆಡಿಸುತ್ತಿದ್ದಾಳೆಯೇ? ಅಥವಾ ಸೋಲಲು ಇಷ್ಟವಿಲ್ಲದ್ದರಿಂದ ಕಣ್ಣೆದುರು ಇರುವುದನ್ನೇ ನಾನು ಒಪ್ಪುತ್ತಿಲ್ಲವೇ? ಇದಕ್ಕೆಲ್ಲ ಉತ್ತರ ಹುಡುಕುವುದನ್ನು ಬಿಟ್ಟು, ಒಂದೇ ಒಂದು ಜೀವಿಯನ್ನು ಹಿಡಿದು, ಅದು ಏನು ಮಾಡುತ್ತಿದೆ ಎಂಬುದನ್ನಷ್ಟೇ ನೋಡೋಣ ಎಂದುಕೊಂಡೆ.

ಅದು ಎಲೆಯ ತುಣುಕಿನಂಥದ್ದಕ್ಕೆ ಒರಗಿ ನಿಂತಿತ್ತು. ಅದರ ದೇಹದ ಒಂದು ತುದಿಯಲ್ಲಿ ನಕ್ಷತ್ರದ ಆಕಾರದ ಗೆರೆಗಳು ಮೂಡಿ, ನಡುವೆ ಒಂದು ಗುಳ್ಳೆ ತುಂಬಿಕೊಂಡು, ಫಕ್ಕನೆ ಕುಗ್ಗಿ ಮಾಯವಾಯಿತು. ಮತ್ತೆ ನಕ್ಷತ್ರ, ಮತ್ತೆ ಗುಳ್ಳೆ, ಮತ್ತೆ ಇಲ್ಲ. ಇನ್ನೊಂದು ತುದಿಯಲ್ಲೂ ಹಾಗೆಯೇ. ಹೃದಯದ ಬಡಿತದಂತೆ ಕಾಣುವ ಇದು ಹೃದಯವಲ್ಲ, ಪಂಪು. ನದಿ ಕೆರೆಗಳ ನೀರು ಕೋಶದ ಒಳಗಿನ ದ್ರವಕ್ಕಿಂತ ಸಪ್ಪೆ. ನೀರು ಯಾವಾಗಲೂ ಉಪ್ಪು ಹೆಚ್ಚಿರುವ ಕಡೆಗೇ ನುಗ್ಗುತ್ತದೆ. ಸಿಹಿನೀರಿನಲ್ಲಿರುವ ಜೀವಿಯೊಳಗೆ ಅದು ಎಡೆಬಿಡದೆ ಬರುತ್ತಲೇ ಇರುತ್ತದೆ, ಹೊರಹಾಕುತ್ತಿರದಿದ್ದರೆ ದೇಹ ಒಡೆದುಹೋಗುತ್ತದೆ. ಸಮುದ್ರದಲ್ಲಿರುವ ಜೀವಿಗೆ ಇಷ್ಟೊಂದು ಪಂಪು ಮಾಡುವ ಅಗತ್ಯವೇ ಬರುವುದಿಲ್ಲ.

ಇವು ಸಮುದ್ರದವಲ್ಲ. ಸಮುದ್ರದ ನೀರಿನಲ್ಲಿ ಇವು ಬದುಕಿರುವುದೂ ಸಾಧ್ಯವಿಲ್ಲ.

ಸೀಸೆಯಿಂದ ಇನ್ನೊಂದು ಹನಿ ತೆಗೆದು ಫ್ಯಾನಿನ ಕೆಳಗೆ ಒಣಗಲು ಬಿಟ್ಟೆ. ಸಮುದ್ರದ ನೀರಾದರೆ ಬಿಳಿಯ ಹಕ್ಕಳೆಯಾಗಿ ಚೌಕಾಕಾರದ ಹರಳುಗಳು ನಿಲ್ಲಬೇಕು. ಅಲ್ಲೊಂದು ಇಲ್ಲೊಂದು ಹರಳು ಬಿಟ್ಟರೆ ಗಾಜು ಹೆಚ್ಚು ಕಡಿಮೆ ಖಾಲಿಯಾಗಿತ್ತು.

ಸೀಸೆ ತೆಗೆದುಕೊಂಡು ಅಕ್ಕನ ಮನೆಗೆ ಹೋದೆ. ಅವಳು ತುಲಸಿ ಬಿಡಿಸುತ್ತಿದ್ದಳು. ಇದರಲ್ಲಿ ಏನೇನು ಹಾಕಿದೆ ಎಂದು ಕೇಳಿದೆ, ಆದಷ್ಟು ಮೆಲ್ಲಗೆ.

ಅವಳಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಅವತ್ತು ಅಮಾವಾಸ್ಯೆನೂ ಅಲ್ಲ, ಹುಣ್ಣಿಮೆನೂ ಅಲ್ಲ. ಬರೀ ಸಮುದ್ರದ ನೀರನ್ನ ಇನ್ನೊಬ್ರ ಕೈಗೆ ಕೊಡ್ತಾರೇನೇ? ಕಾವೇರಿ ತುಂಬಿಸಿ ಅದಕ್ಕೆ ಉದ್ಧರಣೆ ಚಮಚದಿಂದ ನಾಲ್ಕು ಹನಿ ಇದನ್ನ ಹಾಕ್ದೆ.”

ಅಮಾವಾಸ್ಯೆ ಹುಣ್ಣಿಮೆಯಂಥ ಪರ್ವದಿನ ಬಿಟ್ಟು ಬೇರೆ ದಿನ ಸಮುದ್ರವನ್ನು ಮುಟ್ಟಬಾರದು ಎಂದು ನಮ್ಮ ಮನೆಗಳಲ್ಲಿ ಹೇಳುವುದುಂಟು. ಅದು ನನಗೂ ಗೊತ್ತಿದ್ದದ್ದೇ. ನೀನು ದಿನವೂ ಕುಡಿಯುತ್ತೀಯಲ್ಲ ಎಂದರೆ, ಔಷಧಿಗೆ ದೋಷವಿಲ್ಲ, ನೀನು ಕೇಳಿದ್ದು ಪರೀಕ್ಷೆಗೆ ಎಂದಳು. ಶ್ರೀರಂಗಪಟ್ಟಣದ ಸಂಗಮದಿಂದ ತಂದ ಕಾವೇರಿಯನ್ನು ಅವಳು ಅಗಲ ಬಾಯಿಯ ಗಾಜಿನ ಭರಣಿಯಲ್ಲಿ ತುಲಸಿದಳ ಹಾಕಿ ದೇವರ ಕೋಣೆಯ ಮೂಲೆಯಲ್ಲಿ ಇಡುತ್ತಾಳೆ. ತಳದಲ್ಲಿ ಹಳೆಯ ದಳಗಳು ಕೊಳೆತಿದ್ದವು. ನಾನು ನೋಡಿದ ಜೀವಗಳ ಊರು ಅದು.

“ನಲ್ಲೀಲಿ ಬರೋದೂ ಕಾವೇರಿನೇ,” ಭಾವ ಪತ್ರಿಕೆಯ ಹಿಂದಿನಿಂದ ಹೇಳಿದರು. “ಆದ್ರೆ ನಿಮ್ಮಕ್ಕನ ಲೆಕ್ಕದಲ್ಲಿ ಅದು ಕಾರ್ಪೊರೇಷನ್‌ದು.”

ನಾನು ಗೆದ್ದೆ ಎಂದು ಹೇಳಬಹುದಿತ್ತು. ಆದರೆ ಅಕ್ಕನ ಮುಖ ಬಿಗಿಯಾಗಿತ್ತು, ನಾನು ಈಗ ಮಾತಿನಲ್ಲಿ ಏನು ಹೇಳಿದರೂ ಅದು ಸಬೂಬಿನಂತೆಯೇ ಕೇಳಿಸುತ್ತಿತ್ತು. ಮೊನ್ನೆ ಇದೆ ಎಂದವಳು ಇವತ್ತು ಇಲ್ಲ ಎನ್ನುತ್ತಿದ್ದಾಳೆ. ಅದಕ್ಕೇ, ನಾನು ಹೇಳುವುದು ಬೇಡ, ನೀನೇ ನೋಡು ಎಂದೆ. ಮರುದಿನ ಬೆಳಿಗ್ಗೆ ಅವಳು ಸ್ನಾನ ಮಾಡಿ, ನೀಲಿ ಬಾಟಲಿಯಿಂದ ಏನೂ ಬೆರೆಸದೆ ಒಂದು ಉದ್ಧರಣೆಯಷ್ಟನ್ನು ಬೇರೆ ಸೀಸೆಗೆ ಹಾಕಿಕೊಂಡು, ದೋಷ ಬಂದರೆ ತನಗೇ ಬರಲಿ ಎಂದು ತಾನೇ ಹಿಡಿದುಕೊಂಡು ನನ್ನ ಮನೆಗೆ ಬಂದಳು.

ಸೂಕ್ಷ್ಮದರ್ಶಕಕ್ಕೆ ಫೋನ್ ಜೋಡಿಸಿದೆ. ಹಳೆಯ ಸೀಸೆಯ ಕಾವೇರಿಯ ಹನಿಯಲ್ಲಿ ಅವು ಈಜುತ್ತಿರುವುದನ್ನು ಅಕ್ಕ ಪರದೆಯಲ್ಲಿ ಮೊದಲ ಸಲ ಕಂಡಳು. ಬಹಳ ಹೊತ್ತು ನೋಡಿದಳು. ಪಂಪು ತೋರಿಸಿದೆ. ಅವಳು ಅದರ ಜೊತೆಗೇ ಉಸಿರಾಡುತ್ತಿದ್ದಂತೆ ಕಂಡಿತು. ಆಮೇಲೆ ನಾನು ನೀಲಿ ಬಾಟಲಿಯ ನೀರಿನ ಒಂದು ಹನಿಯನ್ನು ತೆಳುಗಾಜಿನ ಒಂದು ಅಂಚಿಗೆ ಇಟ್ಟು, ಇನ್ನೊಂದು ಅಂಚಿಗೆ ಫಿಲ್ಟರ್ ಕಾಗದ ತಾಗಿಸಿದೆ. ಕಾಗದ ಹೀರಿದಷ್ಟೂ ಉಪ್ಪುನೀರು ಗಾಜಿನ ಕೆಳಗೆ ಒಳಬಂದಿತು.

ಮೊದಲು ಅವೆಲ್ಲ ಅಂಚಿನಿಂದ ದೂರ ಓಡಿದವು. ಓಡಲು ಹೆಚ್ಚು ಜಾಗವಿರಲಿಲ್ಲ. ಗುಳ್ಳೆಗಳು ತುಂಬುವುದು ನಿಧಾನವಾಯಿತು, ಆಮೇಲೆ ನಿಂತೇಹೋಯಿತು. ಉಬ್ಬಿದ್ದ ದೇಹಗಳು ಒಣಗಿದ ನೆಲ್ಲಿಯಂತೆ ಸುಕ್ಕುಗಟ್ಟಿದವು. ಎಳೆಗಳು ಇನ್ನೂ ಸ್ವಲ್ಪ ಹೊತ್ತು ಬಡಿದವು, ದೇಹ ಮಾತ್ರ ಮುಂದೆ ಹೋಗಲಿಲ್ಲ. ಒಂದೊಂದಾಗಿ ನಿಂತವು. ಎಷ್ಟೋ ಸಲ ತರಗತಿಯಲ್ಲಿ ತೋರಿಸಿದ್ದ ಪ್ರಯೋಗ. ಆದರೆ ಅವತ್ತು ಕಾಗದವನ್ನು ಬೇಗನೆ ತೆಗೆದು ಪಕ್ಕಕ್ಕಿಟ್ಟೆ.

“ಕಾವೇರಿ ನೀರಿನ ಜೀವ ಕಣೇ ಅದು” ಎಂದಳು ಅಕ್ಕ. ಅವಳ ದನಿಯಲ್ಲಿ ಸಿಟ್ಟಿತ್ತು, ಕೊಂದವಳು ನಾನೇ ಆಗಿದ್ದೆ.

ಹೌದು ಎಂದೆ. ಅವುಗಳೊಳಗಿನ ನೀರು ಉಪ್ಪಿನ ಹಿಂದೆ ಹೋಯಿತು ಎಂದೆ.

ಆಮೇಲೆ ಬಾಟಲಿಯ ನೀರನ್ನಷ್ಟೇ ಬೇರೆ ಗಾಜಿನ ಮೇಲೆ ತೋರಿಸಿದೆ. ಅದರಲ್ಲಿ ಈಜುವುದು ಒಂದೂ ಇರಲಿಲ್ಲ. ಸಣ್ಣ ಚೂರುಗಳು ನಡುಗುತ್ತಿದ್ದವು. ಅವುಗಳ ನಡುವೆ ಅಲ್ಲಲ್ಲಿ, ಒಡೆಯದೆ ಉಳಿದ ಗಾಜಿನ ಗೂಡುಗಳು, ಅಲ್ಲಾಡದೆ, ಖಾಲಿಯಾಗಿ. ಒಂದು ಪೂರ್ತಿ ದುಂಡಗಿತ್ತು, ಅದರ ತೂತುಗಳು ನಡುವಿನಿಂದ ಅಂಚಿನವರೆಗೆ ಸಾಲುಸಾಲಾಗಿ ಹೊಳೆಯುತ್ತಿದ್ದವು. ಅಷ್ಟು ಅನುಮಾನದ ನಡುವೆಯೂ ನಾವಿಬ್ಬರೂ ಅದನ್ನು ನೋಡುತ್ತಾ ಕೂತೆವು. ಹಾಗಾದರೆ ಆತ ಸಮುದ್ರದ್ದೇ ತಂದದ್ದು, ಸುಳ್ಳು ಹೇಳಲಿಲ್ಲ ಎಂದಳು ಅಕ್ಕ. ಸಮುದ್ರ ಎಂಬುದು ಸುಳ್ಳಲ್ಲ, ಜೀವ ಎಂಬುದು ಸುಳ್ಳು ಎಂದೆ. ಇದು ಅವುಗಳ ಮನೆ. ಒಳಗೆ ಯಾರೂ ಇಲ್ಲ.

“ನನ್ನೊಳಗೂ ಹಿಂಗೇ ಸುಕ್ಕಾಗ್ತಿದ್ಯಾ?”

ಹೌದು ಎಂದಿದ್ದರೆ ಅವಳು ಹೆದರಿ ಕುಡಿಯುವುದನ್ನು ಬಿಡುತ್ತಿದ್ದಳು. ಆದರೆ ಅದು ನಿಜವಲ್ಲ. ದೇಹ ಹಾಗಾಗಲು ಬಿಡುವುದಿಲ್ಲ, ಉಪ್ಪು ಬಂದಷ್ಟೂ ಅದನ್ನು ತೆಳು ಮಾಡಲು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದೆ. ಮೂತ್ರಪಿಂಡ ಸರಿಯಿದ್ದರೆ ಎರಡನ್ನೂ ಹೊರಗೆ ಹಾಕುತ್ತದೆ. ನಿನ್ನದಕ್ಕೆ ಅಷ್ಟು ಶಕ್ತಿಯಿಲ್ಲ. ಆ ನೀರು ಪಾದದಲ್ಲಿ ನಿಲ್ಲುತ್ತದೆ, ಕಣ್ಣಿನ ಕೆಳಗೆ ನಿಲ್ಲುತ್ತದೆ, ರಕ್ತನಾಳಗಳಲ್ಲಿ ತುಂಬಿ ಒತ್ತುತ್ತದೆ. ಆ ಒತ್ತಡವೇ ಉಳಿದ ಅರ್ಧ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಅಕ್ಕ ಸೆರಗಿನಿಂದ ಪಾದ ಮುಚ್ಚಿಕೊಂಡಳು. ಬಿಡುತ್ತೇನೆ ಎಂದು ಹೇಳಲಿಲ್ಲ. ಸೀಸೆಯನ್ನು ಅಲ್ಲೇ ಬಿಟ್ಟು ಎದ್ದು ಹೋದಳು.

ಅವಳು ನಿಜವಾಗಿ ಬಿಟ್ಟಳೇ ಎಂದು ನನಗೆ ನಂಬಿಕೆಯಿರಲಿಲ್ಲ. ದೇವರ ಕೋಣೆಯಲ್ಲಿ ಬಾಟಲಿ ಕಾಣುತ್ತಿರಲಿಲ್ಲ, ಆದರೆ ಕಾಣದಂತೆ ಇಡುವ ಜಾಗಗಳು ಆ ಮನೆಯಲ್ಲಿ ಬೇಕಾದಷ್ಟಿವೆ. ಭಾವನನ್ನು ಕೇಳಿದೆ. ಮೋರಿಗೆ ಸುರಿದಳೋ ಇಲ್ಲವೋ ಕಣ್ಣಾರೆ ನೋಡಿಲ್ಲ ಎಂದರು ಅವರು. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ, ಅಕ್ಕ ಬೇಡವೆಂದರೂ ಹೇಳಿಯೇ ಬಿಡುವುದೆಂದು ನಿಶ್ಚಯಿಸಿ ಜೊತೆಗೆ ಹೋದೆ.

ವೈದ್ಯರು ಒತ್ತಡ ನೋಡಿದರು. ಇಳಿದಿತ್ತು, ಸಾಕಾಗುವಷ್ಟಲ್ಲ. ಉಪ್ಪಿನ ಮೂಲ ಸಿಕ್ಕಿತೇ ಎಂದು ನನ್ನ ಕಡೆ ತಿರುಗಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಮಾತಾಡಿದಳು.

“ಅವಳನ್ನ ಕೇಳ್ಬೇಡಿ ಡಾಕ್ಟ್ರೇ. ಕುಡಿದಿದ್ದು ನಾನು. ಸಮುದ್ರದ ನೀರು. ವಾಸಿಯಾಗತ್ತೆ ಅಂದ್ಕೊಂಡು.”

ವೈದ್ಯರು ಬೈಯಲಿಲ್ಲ. ಎಷ್ಟು, ಯಾವಾಗಿನಿಂದ ಎಂದು ಕೇಳಿದರು. ಅಕ್ಕ ಒಂದನ್ನೂ ಮುಚ್ಚಿಡಲಿಲ್ಲ, ಅರ್ಧ ಲೋಟದ ದಿನಗಳನ್ನೂ ಹೇಳಿದಳು. ಮೂತ್ರಪಿಂಡಕ್ಕೆ ಎಷ್ಟು ಪೆಟ್ಟಾಗಿದೆ, ಅದರಲ್ಲಿ ಎಷ್ಟು ವಾಪಸು ಬರುತ್ತದೆ ಎಂದು ಈಗಲೇ ಹೇಳಲಾಗುವುದಿಲ್ಲ, ಕೆಲವು ವಾರ ಬಿಟ್ಟು ರಕ್ತ ಪರೀಕ್ಷೆ ಮಾಡೋಣ, ಅಲ್ಲಿಯವರೆಗೆ ನೋಡಬೇಕಾದದ್ದು ಊತ ಎಂದರು ಅವರು. ಅಕ್ಕನ ಮೊಣಕಾಲಿನ ಕೆಳಗೆ, ಮೂಳೆಯ ಮೇಲೆ, ಹೆಬ್ಬೆರಳು ಒತ್ತಿ ತೆಗೆದು ತೋರಿಸಿದರು. ಒತ್ತಿದ ಕಡೆ ಗುಳಿ ಬಿತ್ತು. ಅದು ಬೇಗ ತುಂಬಿಕೊಂಡರೆ ಒಳ್ಳೆಯದು.

ಈಗ ನಾನು ದಿನಾ ಬೆಳಿಗ್ಗೆ ಅಕ್ಕನ ಮನೆಗೆ ಹೋಗುತ್ತೇನೆ. ಅವಳು ಜಗುಲಿಯಲ್ಲಿ ಕಾಲು ಚಾಚಿ ಕೂರುತ್ತಾಳೆ. ಮೊದಲ ದಿನಗಳಲ್ಲಿ, ಇವಳಿಗೆ ನನ್ನ ಮೇಲೆ ನಂಬಿಕೆಯಿಲ್ಲ ಎಂದು ಭಾವನಿಗೆ ದೂರು ಹೇಳುತ್ತಿದ್ದಳು. ಈಗ ಹೇಳುವುದಿಲ್ಲ. ರಕ್ತ ಪರೀಕ್ಷೆ ಇನ್ನೂ ಆಗಿಲ್ಲ. ನಾನು ಹೆಬ್ಬೆರಳು ಒತ್ತಿ ತೆಗೆಯುತ್ತೇನೆ. ಚರ್ಮದ ಮೇಲೆ ಉಳಿಯುವ ಗುಳಿಯನ್ನು, ಅದು ಮೆಲ್ಲಗೆ ತುಂಬುವವರೆಗೂ, ಇಬ್ಬರೂ ಬಗ್ಗಿ ನೋಡುತ್ತೇವೆ.